ಪಾಲು

ಎಂಟನೇ ತರಗತಿ ಬಿ ವಿಭಾಗದವರನ್ನೆಲ್ಲ
ನನ್ನ ಲೇತ್ ಅಂಗಡಿಯ ಮುಂದೆ ಸಾಲಾಗಿ ಕೂರಿಸಿ
ಮೇಷ್ಟ್ರು ಹೇಳಿದರು: ಇವರು ಹುಚ್ಚರಾಯಪ್ಪ,
ನಮ್ಮ ಭದ್ರಾವತಿಯವರೇ, ಹಡಗಿನ ಫಿಟ್ಟರು,
ಕಡಲ್ಗಳ್ಳರ ಕೈಯಲ್ಲಿ ಹತ್ತು ತಿಂಗಳು ಇದ್ದು ಬಂದವರು.
ಚಪ್ಪಾಳೆ.
ಯಾಕೆ ಚಪ್ಪಾಳೆಯೋ. ಇದ್ದೆ, ಅಷ್ಟೆ.

ಒಬ್ಬ ಹುಡುಗ ಕೇಳಿದ, ಒಂದು ಕಣ್ಣಿಗೆ ಪಟ್ಟಿ ಇತ್ತಾ?
ಇರಲಿಲ್ಲ. ಪ್ಲಾಸ್ಟಿಕ್ ಚಪ್ಪಲಿ ಇತ್ತು,
ಉಂಗುಷ್ಟ ಕಿತ್ತದ್ದಕ್ಕೆ ತಂತಿ ಸುತ್ತಿದ್ದ.
ಏಣಿ ಹತ್ತುವಾಗ ಅವನ ಮೊಣಕಾಲು ನಡುಗಿದ್ದು
ಮೇಲಿಂದ ನನಗೆ ಕಂಡಿತ್ತು.

ಮೂರನೇ ಸಾಲಿನ ಕೊನೆಯವಳು
ಎದ್ದು, ಜಡೆ ಹಿಂದೆ ತಳ್ಳಿ:
"ಅವರಿಗೆ ಕಾರಣ ಏನಿತ್ತು ಸಾರ್?"

ಕಾರಣ.
ಇನ್ಶೂರೆನ್ಸಿನವನು ಕೇಳಿರಲಿಲ್ಲ ಇದನ್ನು.
ಮುಂಬಯಿಯಲ್ಲಿ ಸಹಿ ಹಾಕಿಸಿಕೊಂಡವರೂ ಕೇಳಿರಲಿಲ್ಲ.
ಹೆಂಡತಿ ಕೇಳಿದ್ದು ಒಂದೇ: ಹೊಡೆದರಾ?

ಹೊಡೆದರು.
ಸೆಕೆಂಡ್ ಇಂಜಿನಿಯರನ ಎರಡು ಬೆರಳು
ವೈಸಿಗೆ ಕೊಟ್ಟು ತಿರುಗಿಸಿದರು.
ನಾನೇ ದಿನಾ ಎಣ್ಣೆ ಬಿಡುತ್ತಿದ್ದ ವೈಸು.
ಇದನ್ನು ಮಕ್ಕಳಿಗೆ ಹೇಳಲಿಲ್ಲ.
ನಿಮಗೆ ಹೇಳಿದೆ, ಮುಂದಿನದನ್ನು
ಕರುಣೆ ಅಂತ ತಿಳಿಯಬಾರದು ಅಂತ.

ಚಪ್ಪಲಿಯವನ ಹೆಸರು ಗುಲೇದ್.
ಮೊದಲ ಸಲ ಕೇಳಿದಾಗ ಗುಲೇದಗುಡ್ಡ ಅಂದುಕೊಂಡೆ,
ಅವ್ವನ ಖಣದ ಕುಪ್ಪಸ ನೆನಪಾಗಿ
ಬಂದೂಕಿನೆದುರು ನಗು ಬಂತು. ಅವನೂ ನಕ್ಕ,
ಯಾತಕ್ಕೆಂದು ಗೊತ್ತಿಲ್ಲದೆ.

ಹೇಳುತ್ತಿದ್ದ: ನಾವು ಮೀನಿನವರು.
ರಾತ್ರಿಯಲ್ಲಿ ದೀಪದ ಊರಿನಂಥ ಟ್ರಾಲರುಗಳು ಬಂದು
ಕಡಲ ತಳ ಬಾಚಿ ಒಯ್ದವು,
ಅಡ್ಡ ಹೋದ ದೋಣಿಗೆ ಕುದಿನೀರು ಎರಚಿದರು,
ಕೇಳೋಣವೆಂದರೆ ಸರ್ಕಾರವೇ ಇಲ್ಲ,
ಬಲೆ ಕಾಯಲು ಬಂದೂಕು ಹಿಡಿದೆವು.
ಚೆನ್ನಾಗಿ ಹೇಳುತ್ತಿದ್ದ, ಪಾಠ ಒಪ್ಪಿಸುವ ಹಾಗೆ.
ಅವನ ಅಪ್ಪಂದಿರಿಗೆ ಅದು ನಿಜವೇ ಇರಬೇಕು.
ಗುಲೇದ್ ಮಾತ್ರ ಒಂಟೆ ಕಾಯುತ್ತಿದ್ದವನು,
ಅಲೆ ಎದ್ದರೆ ವಾಂತಿ ಮಾಡುತ್ತಿದ್ದ.
ಮೀನಿನ ಕತೆ ಯಾರೋ ಕೊಟ್ಟ ಅಂಗಿ,
ತೋಳು ಉದ್ದ.

ಅಡುಗೆಕೋಣೆಯ ಬಾಗಿಲ ಹಿಂದೆ
ಒಂದು ನೋಟ್‌ಬುಕ್ ನೇತಾಡುತ್ತಿತ್ತು.
ಒಬ್ಬೊಬ್ಬನ ಹೆಸರು, ಹೆಸರಿನ ಮುಂದೆ ಸಾಲ:
ಅಗಿಯುವ ಸೊಪ್ಪಿಗೆ ಇಷ್ಟು, ಆಡಿನ ಮಾಂಸಕ್ಕೆ ಇಷ್ಟು,
ಕಾವಲಲ್ಲಿ ನಿದ್ದೆ ಹೋದರೆ ದಂಡ ಇಷ್ಟು.
ಏಣಿ ಮೊದಲು ಹತ್ತಿದವನಿಗೆ ಒಂದು ಪಾಲು ಹೆಚ್ಚು,
ಅದಕ್ಕೇ ಆ ಮೊಣಕಾಲು.
ದುಡ್ಡು ಹಾಕಿದವನು ಕಡಲಿಗೆ ಬರುವುದೇ ಇಲ್ಲ,
ಎಲ್ಲೋ ಒಣ ನೆಲದಲ್ಲಿ ಹೋಟೆಲು ಕಟ್ಟಿಸುತ್ತಿರುತ್ತಾನೆ.

ಆಕಾಶದಿಂದ ಹಣದ ಮೂಟೆ ಬಿದ್ದ ದಿನ
ಲೆಕ್ಕ ಹರಿದು ಗುಲೇದನಿಗೆ ಉಳಿದದ್ದು
ಒಂದು ಫೋನು, ಎಪ್ಪತ್ತು ಡಾಲರ್ ಬಾಕಿ.
ಮತ್ತೆ ಹೋಗಬೇಕು, ಅಂದ.
ಮಳೆ ಹಿಡಿದಿದೆ, ಕೊಡೆ ತಗೊಂಡು ಹೋಗಬೇಕು
ಅನ್ನುವ ಹಾಗೆ ಅಂದ.

ನಮ್ಮ ಮಾಲೀಕನೂ ಎಂಟು ತಿಂಗಳು ಫೋನ್ ಎತ್ತಲಿಲ್ಲ.
ಹಡಗಿನ ಬಾವುಟ ಒಂದು ದೇಶದ್ದು, ಕಾಗದ ಇನ್ನೊಂದರದ್ದು,
ಸಂಬಳ ಯಾವ ದೇಶದ್ದೂ ಅಲ್ಲ.
ನಾನಾದರೂ ಯಾಕೆ ಹತ್ತಿದೆ?
ಇಲ್ಲಿ ಕಾರ್ಖಾನೆ ತಿಂಗಳಿಗೆ ಹನ್ನೊಂದು ದಿನ ಕೆಲಸ ಕೊಡುತ್ತಿತ್ತು.

ಹುಡುಗಿಗೆ ನೋಟ್‌ಬುಕ್ಕಿನ ಕತೆಯಷ್ಟೇ ಹೇಳಿದೆ.
ಕೂರಲಿಲ್ಲ ಅವಳು.
"ಹಿಡ್ಕೊಂಡಿದ್ದು ಬಿಟ್ಟು ಉಳಿದಿದ್ದನ್ನ
ಅವತ್ತೇ ಕೊಡ್ತಾರಾ ಸಾರ್, ಸೋಮವಾರ ಅಂತಾರಾ?"
ಹಿಂದಿನಿಂದ ಯಾರೋ ಪಿಸುಗುಟ್ಟಿದರು, ಮರಳಿನೋಳು.
ಕಿಸಕ್ ಅಂದರು.
ಮೇಷ್ಟ್ರು ವಾಚು ನೋಡಿಕೊಂಡರು.

ಅವತ್ತು ರಾತ್ರಿ ಭದ್ರಾ ದಂಡೆಗೆ ಹೋದೆ.
ದೀಪ ಆರಿಸಿದ ಲಾರಿ. ಎದೆಮಟ್ಟ ನೀರಲ್ಲಿ ಒಬ್ಬ
ಬುಟ್ಟಿ ಹಿಡಿದು ಮುಳುಗಿದ.
ನಾನು ಎಣಿಸಿದೆ, ನಲವತ್ತೊಂದು.
ಎದ್ದು ಕೆಮ್ಮಿದ, ಮತ್ತೆ ಮುಳುಗಿದ.
ಟಾರ್ಚ್ ಜೇಬಲ್ಲೇ ಇತ್ತು. ಹಾಕಲಿಲ್ಲ.

ಬೆಳಿಗ್ಗೆ ಒಬ್ಬ ಲಾರಿಯ ಪಿನ್ನು ತಂದ,
ತುಂಡಾಗಿತ್ತು, ಸಂದಿಯಲ್ಲಿ ಇನ್ನೂ ಒದ್ದೆ ಮರಳು.
ಎಲ್ಲಿಯದು ಅಂತ ಕೇಳಲಿಲ್ಲ.
ಲೇತಿಗೆ ಕಟ್ಟಿ ಹೊಸದು ತಿರುಗಿಸಿ ಕೊಟ್ಟೆ.
ನೂರೈವತ್ತು ಇಸಿದುಕೊಂಡೆ.