ಸಾಯಬಣ್ಣನ ಕೂಗು

ಮೇ ತಿಂಗಳು. ಕಲಬುರಗಿಯ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ
ಫ್ಯಾನು ಅದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಕಡೆಯುತ್ತಿದೆ.
ಏಳನೇ ಪ್ರೋಗ್ರಾಮು. ಮಹಜಬೀನಳ ಕರ್ಸರು
ಮಿಣುಕುತ್ತದೆ, ಮಿಣುಕುತ್ತದೆ, ಮುಂದೆ ಹೋಗದು.
"ಮೇಡಮ್, ತಪ್ಪೇನೂ ತೋರಸವಲ್ದು. ಸುಮ್ನ ಕುಂತದ."

ಬಗ್ಗಿ ಓದುತ್ತೇನೆ.
ಮೊದಲು ಪೈಪು: ಓದಲು ಒಂದು ತುದಿ, ಬರೆಯಲು ಒಂದು.
ಆಮೇಲೆ ಫೋರ್ಕು. ಒಮ್ಮೆ ಕರೆದರೆ
ಎರಡು ಸಲ ಮರಳುವ ಸಾಲು:
ತಾಯಿಗೆ ಮಗುವಿನ ನಂಬರು,
ಮಗುವಿಗೆ ಬರೀ ಸೊನ್ನೆ.
ಹುಟ್ಟುವಾಗಲೇ ಅದರ ಮುಷ್ಟಿಯಲ್ಲಿ
ತಾಯಿ ಹಿಡಿದದ್ದೆಲ್ಲ ಇರುತ್ತದೆ, ಎರಡೂ ತುದಿ ಸಮೇತ.

ಮಗುವಿಗೆ ಬಾಗಿಲು ಮೂರು.
ಸೊನ್ನೆಯಿಂದ ಒಳಗೆ, ಒಂದರಿಂದ ಹೊರಗೆ,
ಎರಡು ತಕರಾರಿಗೆ.
ಮಹಜಬೀನ್ ಸರಿಯಾಗಿಯೇ ಮಾಡಿದ್ದಾಳೆ:
ಸೊನ್ನೆಯನ್ನು ಕೀಬೋರ್ಡಿನಿಂದ ಕಿತ್ತು
ಪೈಪಿನ ತುದಿಗೆ ಕೂಡಿಸಿದ್ದಾಳೆ,
ಒಂದನ್ನು ಫೈಲಿನ ಕಡೆ ತಿರುಗಿಸಿದ್ದಾಳೆ.
ಆಮೇಲೆ ಎಕ್ಸೆಕ್. ಮಗು ತಾಯಿ ಕಲಿಸಿದ್ದೆಲ್ಲ ಮರೆತು
ಸಾರ್ಟ್ ಆಗಿಬಿಡುತ್ತದೆ.
ಕೈಯ ಹಿಡಿತವನ್ನು ಮಾತ್ರ ಮರೆಯದು.

ಸಾರ್ಟಿಗೆ ಗೊತ್ತಿಲ್ಲ ಹಿಂದೆ ಯಾರು, ಮುಂದೆ ಏನು.
ಬಂದದ್ದನ್ನು ಒಟ್ಟಿಕೊಳ್ಳುತ್ತದೆ.
ಎಲ್ಲ ಬಂದಾಯಿತು ಅನ್ನುವ ತನಕ
ಒಂದು ಸಾಲನ್ನೂ ಆಚೆ ಬಿಡದು;
ಕೊನೆಗೆ ಬರುವುದೇ ಮೊದಲು ನಿಲ್ಲಬೇಕಾದದ್ದು ಇರಬಹುದಲ್ಲ.

ನಮ್ಮವ್ವ ಚಂದಮ್ಮ ಇದೇ ಊರಿನ ದಾಲ್‌ಮಿಲ್ಲಿನಲ್ಲಿ
ಹದಿನಾರು ವರ್ಷ ಬೇಳೆ ಆರಿಸಿದವಳು.
ಮೇಲಿನ ಅಟ್ಟದಲ್ಲಿ ತೊಗರಿ ಒಡೆಯುವ ರೋಲರು,
ಅದರ ಬಾಯಿಂದ ತಗಡಿನ ಕೊಳವೆ, ಕೆಳಗೆ ಜರಡಿ,
ಜರಡಿಯಿಂದ ಇನ್ನೊಂದು ಕೊಳವೆ, ಅದರ ಬುಡಕ್ಕೆ
ಶಹಾಬಾದ್ ಕಲ್ಲಿನ ನೆಲದ ಮೇಲೆ ಆರು ಹೆಂಗಸರು.
ರೋಲರಿಗೆ ಜರಡಿ ಕಾಣದು. ಜರಡಿಗೆ ಅವ್ವ ಕಾಣಳು.
ಹೊಟ್ಟಿಗೆ ಬೇರೆಯೇ ದಾರಿ, ಗೋಡೆಯಾಚೆ;
ಅಲ್ಲಿ ಎಮ್ಮೆ ಸಾಕಿದವರು ಚೀಲ ಹಿಡಿದು ಜಗಳಾಡುತ್ತಿದ್ದರು.

ಕೊಳವೆ ಒಮ್ಮೊಮ್ಮೆ ಸುಮ್ಮನಾಗುವುದು.
ಕರೆಂಟು ಹೋಗಿರಬಹುದು, ಪಟ್ಟಾ ಹರಿದಿರಬಹುದು.
ಮೊರ ತೊಡೆಯ ಮೇಲಿಟ್ಟುಕೊಂಡು ಕಾಯುವರು.
ಮೇಲಿನಿಂದ ಸಾಯಬಣ್ಣ ತಗಡಿಗೆ ಬಾಯಿಟ್ಟು
"ಮುಗೀತ್ರವ್ವಾ!" ಅಂತ ಕೂಗಿದರೆ ಮಾತ್ರ
ಸೆರಗು ಕೊಡವಿ ಏಳುವುದು, ತೂಕಕ್ಕೆ ನಿಲ್ಲುವುದು.
ಏನೂ ಬರುತ್ತಿಲ್ಲ ಅನ್ನುವುದು ಬೇರೆ,
ಇನ್ನು ಬರುವುದಿಲ್ಲ ಅನ್ನುವುದು ಬೇರೆ.

ಒಂದು ಸಂಜೆ ಸಾಯಬಣ್ಣ ಕೂಗದೇ ಹೋದ.
ಹೆಂಡತಿಗೆ ಬೇನೆ ಎದ್ದಿದೆ ಎಂದು ಯಾರೋ ಹೇಳಿದರು, ಓಡಿದ.
ಕೆಳಗೆ ಆರು ಜನ ಖಾಲಿ ಕೊಳವೆಯ ಬಾಯಿ ನೋಡುತ್ತ
ಎಂಟೂವರೆವರೆಗೆ.
ಕೂಲಿ ಕಿಲೋ ಲೆಕ್ಕ. ಕಾದದ್ದಕ್ಕೆ ಪೈಸೆ ಇಲ್ಲ.
ಮನೆಯಲ್ಲಿ ನಾನು ಒಲೆ ಹಚ್ಚಿದೆ, ಆರಿಸಿದೆ, ಮತ್ತೆ ಹಚ್ಚಿದೆ.
ಬಂದವಳು ಬಯ್ಯಲಿಲ್ಲ.
"ಹೆಣ್ಣು ಹುಟ್ಟ್ಯದಂತ" ಅಂದಳು,
ಉಗುರಿನ ಸಂದಿಯ ಹಳದಿ ಧೂಳು ತೊಳೆಯುತ್ತ.

ಮಹಜಬೀನಳ ಕೋಡಿನಲ್ಲಿ ಯಾರೂ ಕೂಗಿಲ್ಲ.
ತಾಯಿ ಹೇಳಬೇಕಾದದ್ದೆಲ್ಲ ಬರೆದು ಮುಗಿಸಿ
ಮಗು ಮುಗಿಸಲೆಂದು ಕೂತಿದ್ದಾಳೆ,
ಬರೆಯುವ ತುದಿ ಇನ್ನೂ ಕೈಯಲ್ಲೇ.
ಮಗುವಿನ ಹತ್ತಿರವೂ ಅದರ ನಕಲು, ಕೇಳದೇ ಬಂದದ್ದು:
ತಾನೇ ಏನಾದರೂ ಅಂದೀತೇನೋ ಎಂದು
ತನ್ನ ಬಾಯಿಗೆ ತಾನೇ ಕಿವಿಗೊಟ್ಟು ಕೂತಿದೆ.

"ಎರಡೂ ಕಡೆ ಕ್ಲೋಸ್ ಹಾಕು."
"ಒಂದ್ ಕಡಿ ಹಾಕಿದ್ರ ಸಾಲಂಗಿಲ್ಲೇನ್ರಿ?"
"ಸಾಲಂಗಿಲ್ಲ. ಹಿಡದೋರು ಎಲ್ಲಾರೂ ಬಿಡಬೇಕು."

ಎರಡು ಸಾಲು ಬರೆದಳು, ಎಂಟರ್ ಒತ್ತಿದಳು.
ಕಣ್ಣು ಮಿಟುಕಿಸುವುದರೊಳಗೆ ಫೈಲು ತುಂಬಿತ್ತು,
ಅವಳ ಗಲ್ಲಿಯ ಹದಿಮೂರು ಹೆಸರು;
ಕೊನೆಗೆ ಹಾಕಿದ ಆಲಿಯಾ ಎಲ್ಲರಿಗಿಂತ ಮುಂದೆ.
"ಹ್ಯಾಂಗ್ ಇಷ್ಟ್ ಬ್ಯಾಗ ಹಿಡದ್ರಿ ಮೇಡಮ್?"
ರೆಕಾರ್ಡಿಗೆ ಸಹಿ ಹಾಕುತ್ತೇನೆ. ಪೆನ್ನು ಬೆವರಿಗೆ ಜಾರುತ್ತದೆ.

ಹಿಂದಿನ ಸಾಲಿನಲ್ಲಿ ಇನ್ನೊಂದು ಕೈ:
"ಮೇಡಮ್, ನಂದೂ ಸುಮ್ನ ಕುಂತದ."