ಲಂಪ್ ಎಂಬಲ್ಲಿ ಬರೆದ ಸಕ್ಕರೆ

ಶಾರ್ಜಾ, ಹತ್ತನೇ ಇಂಡಸ್ಟ್ರಿಯಲ್ ಏರಿಯಾ, ಜುಲೈ.
ಹನ್ನೆರಡೂವರೆಗೆ ಲೋಡಿಂಗ್ ನಿಲ್ಲುತ್ತದೆ,
ಬಿಸಿಲಲ್ಲಿ ದುಡಿಸಬಾರದೆಂದು ಕಾನೂನು.
ಮೂರರವರೆಗೆ ಹಳೇಬಟ್ಟೆಯ ಬೇಲುಗಳ ನೆರಳಲ್ಲಿ
ಪಠಾಣರು ಮಲಗುತ್ತಾರೆ,
ಲೆಕ್ಕ ಬರೆಯುವ ನಾನು ಮೇಷ್ಟ್ರಾಗುತ್ತೇನೆ.

ಓದುವವಳು ಒಬ್ಬಳೇ. ಲ್ಯಾವ್ ಸೂಫೆನ್,
ಐವತ್ಮೂರು ವರ್ಷ, ಈವೂ ಪಟ್ಟಣದವಳು,
ಗೋದಾಮಿನ ಅರ್ಧಕ್ಕೆ ಒಡತಿ, ನನ್ನ ಸಂಬಳಕ್ಕೆ ಪೂರ್ತಿ.

"ಬಂಡಲ್, ಬೇಲ್, ಬಂಚ್, ಎಲ್ಲ ಒಂದೇ ತಾನೆ?"
ಅಲ್ಲ ಮೇಡಂ. ಕೈ ಕಟ್ಟಿದ್ದು ಬಂಡಲ್.
ಯಂತ್ರ ಅದುಮಿ ಪಟ್ಟಿ ಬಿಗಿದದ್ದು ಬೇಲ್.
ಸೊಮಾಲಿಯದವನು ನಲವತ್ತು ಬಂಡಲ್ ಕೇಳಿದ್ದಕ್ಕೆ
ನಲವತ್ತು ಬೇಲ್ ಕಳಿಸಿದಿರಲ್ಲ ಮೊನ್ನೆ,
ಅಷ್ಟು ಅಂತರ.
ಬಂಚ್ ಅಂದರೆ ಬಾಳೆಹಣ್ಣು, ಬೀಗದ ಕೈ, ಪುಂಡ ಹುಡುಗರು.
"ಹುಡುಗರನ್ನೂ ಕಟ್ಟುತ್ತಾರಾ?"
ಕಟ್ಟುವುದಿಲ್ಲ. ಬರೀ ಅನ್ನುತ್ತಾರೆ.

ಅವಳು ನಕ್ಕು ತನ್ನ ಭಾಷೆಯ ಚೀಲ ಬಿಚ್ಚಿದಳು.
ಹಗ್ಗ ಹಾಕಿದ್ದು ಕುನ್, ಹಿಡಿಗೆ ಸಿಕ್ಕಿದ್ದು ಬಾ,
ಉಂಡೆಯಾದದ್ದು ಥ್ವಾನ್, ಗಟ್ಟಿ ತುಂಡು ಕ್ವಾಯ್.
ರೊಕ್ಕಕ್ಕೂ ಕ್ವಾಯ್.
ಇವಿಲ್ಲದೆ ಅವರಲ್ಲಿ ಎಣಿಸಲಿಕ್ಕೇ ಬರುವುದಿಲ್ಲವಂತೆ.

ನನಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನೆನಪಾಯಿತು,
ಅಲ್ಲಿ ಅಪ್ಪ ತಕ್ಕಡಿಯ ಪಕ್ಕ ನಿಂತು ಕೂಗುತ್ತಿದ್ದ.
ಅವನಿಗೆ ಸಿವುಡೆಂದರೆ ಕೊತ್ತಂಬರಿ, ಹೊರೆಯೆಂದರೆ ಕಟ್ಟಿಗೆ,
ಬೆಲ್ಲಕ್ಕೆ ಪೆಂಟೆ, ಮಣ್ಣಿಗೆ ಹೆಂಟೆ, ನೋಟಿಗೆ ಕಂತೆ.
ಒಂದರ ಮಾತು ಇನ್ನೊಂದಕ್ಕೆ ಹಚ್ಚಿದರೆ
"ಯಾರ ಗಂಟು ತಿಂದು ಕಲಿತಿ?" ಅಂತ ಬೈಗುಳ.

ಲಂಪ್ ಬಂದದ್ದು ಕೊನೆಗೆ.
ಕಟ್ಟಿದ್ದಲ್ಲ, ಯಾರೂ ಅದುಮಿದ್ದಲ್ಲ,
ತನ್ನಷ್ಟಕ್ಕೆ ಗಟ್ಟಿಯಾದದ್ದು, ಅಂದೆ.
ಅವಳ ಪೆನ್ನು ಏಳಲಿಲ್ಲ.
ಸುಲೈಮಾನಿ ಚಹದ ತಟ್ಟೆಯಿಂದ ಸಕ್ಕರೆಯ ಗಟ್ಟಿಯೊಂದನ್ನು
ಅಂಗೈಗಿಟ್ಟೆ. ಲಂಪ್.
ಪುಸ್ತಕದಲ್ಲಿ ಪುಟ್ಟ ಚೌಕ ಬರೆದು ನೆರಳೂ ಕೊಟ್ಟಳು.
ಹದಿನಾಲ್ಕು ವರ್ಷದ ಗ್ರ್ಯಾಚುಟಿ ಇಡಿಗಂಟಾಗಿ ಕೊಟ್ಟರೆ
ಅದಕ್ಕೂ ಲಂಪ್ ಅನ್ನುತ್ತಾರೆ ಮೇಡಂ, ಅಂದೆ.
"ಆ ಪದ ನಾಳೆ ಕಲಿಯೋಣ."

ಆಗಸ್ಟಿನಲ್ಲಿ, ಅಲ್ ನಹ್ದಾದ ಕ್ಲಿನಿಕ್ಕು.
ಜೊತೆಗೆ ಹೋಗಬಲ್ಲವನು ನಾನೊಬ್ಬನೇ ಇದ್ದೆ,
ಆದ್ದರಿಂದ ಹಸಿರು ಪರದೆಯ ಈಚೆ
ಗೋಡೆ ನೋಡುತ್ತ ನಿಂತಿದ್ದೆ.
ಈಜಿಪ್ಟಿನ ಡಾಕ್ಟರಮ್ಮ ಬಹಳ ಹೊತ್ತು ಸುಮ್ಮನಿದ್ದು
ಎಡಗಡೆ ಒಂದು ಲಂಪ್ ಇದೆ, ಅಂದರು.

ಪರದೆಯ ಹಿಂದಿನಿಂದ
ಉತ್ತರ ಗೊತ್ತಿರುವ ಹುಡುಗಿಯ ದನಿ:
"ಲಂಪ್! ಶುಗರ್!"

ಇದಕ್ಕೆ ನನ್ನಲ್ಲಿ ಪಾಠವಿರಲಿಲ್ಲ.
ಕನ್ನಡದಲ್ಲಾದರೆ ಒಂದೇ ಮಾತು ಸಾಕಿತ್ತು.
ಹಗ್ಗಕ್ಕೂ ಗಂಟು, ಕೂಡಿಟ್ಟದ್ದಕ್ಕೂ ಗಂಟು,
ಸಿಟ್ಟಿನ ಮುಖಕ್ಕೂ, ಮದುವೆಗೂ, ಮೈಯೊಳಗೆ ಕೈಗೆ ತಾಗುವುದಕ್ಕೂ.
ಗಂಟಲಿನಲ್ಲೇ ಅರ್ಧ ಗಂಟಿದೆ,
ಅದು ದಾಟಲಿಲ್ಲ.
ಕಡೆಗೆ ಅವಳದ್ದನ್ನೇ ಅವಳಿಗೆ ಕೊಟ್ಟೆ:
ಮೇಡಂ, ಕ್ವಾಯ್.
"ಎಷ್ಟು ಕ್ವಾಯ್?" ಫೀಸು ಕೇಳಿದೆನೆಂದುಕೊಂಡಳು.
ರೊಕ್ಕದ್ದಲ್ಲ, ಅಂದೆ.

ಎಸಿ ಸದ್ದು.
ಆಮೇಲೆ, ಬಿಲ್ಲಿನ ಮೊತ್ತ ಓದುವವಳಂತೆ,
ನಿಧಾನ: "ಯಿಂಗ್ ಕ್ವಾಯ್."
ಯಿಂಗ್ ಅಂದರೇನೆಂದು ನಾನು ಕೇಳಲಿಲ್ಲ.

ಕೌಂಟರಿನಲ್ಲಿ ರಬ್ಬರು ಸುತ್ತಿದ ದಿರ್ಹಮ್ ತೆಗೆದು
ನನ್ನ ಮುಖ ನೋಡದೆ ಹೇಳಿದಳು:
"ವಾಡ್. ಬಂಡಲ್ ಅಲ್ಲ."
ಸರಿ ಮೇಡಂ.

ಸೂಜಿ ಚುಚ್ಚಿ ತೆಗೆದದ್ದರ ರಿಪೋರ್ಟಿಗೆ ಆರು ದಿನ.
ಆರು ದಿನವೂ ಗೋದಾಮಿಗೆ ಬಂದಳು.
ಮೂರಕ್ಕೆ ಫೋರ್ಕ್‌ಲಿಫ್ಟ್ ಗುರ್ರೆಂದಾಗ
ಗುಲ್ಜಮಾನನ ಮೇಲೆ ಕೂಗಾಡಿದಳು,
"ಬಂಡಲ್ ಅಲ್ಲ ಕಣೋ, ಬೇಲ್! ಬೇಲ್!"

ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು.
ಸಕ್ಕರೆಯ ಚೌಕ ಅಳಿಸಿರಲಿಲ್ಲ.
ಅದರ ಕೆಳಗೆ ಎರಡು ಅಕ್ಷರ, ನನಗೆ ಓದಲು ಬಾರದ್ದು.
ಚಹ ಬಂತು.
ಎಷ್ಟು ಎಂದು ಬೆರಳಲ್ಲಿ ಕೇಳಿದಳು,
ನಾನೂ ಬೆರಳಲ್ಲೇ ಹೇಳಿದೆ.