ಐದು ಗೇಣಿಗೆ ಒಂದು ಉಗುರು ಕಡಿಮೆ

ಬಳೆ ಅಂಗಡಿಯ ಖಾಸಿಂ ಸಾಬರಿಗೆ ನನ್ನ ಕೈ ಬಾಯಿಪಾಠ:
ಎರಡು-ಎರಡು, ಅದೂ ಸಡಿಲ.
ಏನೂ ಹೇಳದೆ ಮಕ್ಕಳ ಡಬ್ಬಿಯನ್ನೇ ಕೆಳಗಿಳಿಸುತ್ತಾರೆ.
ಅಜ್ಜಿ ಇದ್ದಾಗ ಅನ್ನುತ್ತಿದ್ದಳು, ಕುಂಞಿ ಕೈ,
ಇದರಲ್ಲಿ ಕಡಂಬುಟ್ಟು ಕಟ್ಟಿದರೆ ಎಂಟು ಜನಕ್ಕೆ ಎಂಬತ್ತು ಬೇಕು.

ಅದೇ ಕೈಯನ್ನು ಸ್ವೆಟರಿನ ಜೇಬಿನಲ್ಲಿಟ್ಟುಕೊಂಡು
ಸುಂಟಿಕೊಪ್ಪದಿಂದ ಹತ್ತೂ ಇಪ್ಪತ್ತರ ಬಸ್ಸಿಗೆ
ಕುಶಾಲನಗರಕ್ಕೆ ಬಂದೆ,
ಐದು ತಂತಿಯ ಬೇಸ್ ಗಿಟಾರು ಕೊಳ್ಳಲು.

ನಾಲ್ಕು ತಂತಿಯದು ಮನೆಯಲ್ಲಿದೆ. ಹದಿನೇಳು ವರ್ಷ
ಮದುವೆ, ನಾಮಕರಣ, ಕ್ರಿಸ್‌ಮಸ್, ಕ್ಲಬ್ಬಿನ ಹೊಸವರ್ಷ
ಎಲ್ಲಕ್ಕೂ ಸಾಕಾಗಿತ್ತು.
ಕಳೆದ ಮೇ ತಿಂಗಳು ರೋಸ್ಲಿನ್ ಗಂಟಲಿಂದ ಒಂದು ಗಂಟು ತೆಗೆದರು.
ಭಯದ ಗಂಟಲ್ಲ, ಅಂದರು ಡಾಕ್ಟರು.
ದನಿ ಮಾತ್ರ ಎರಡು ಮೆಟ್ಟಿಲು ಕೆಳಗಿಳಿದು
ಅಲ್ಲೇ ಚಾಪೆ ಹಾಸಿ ಕೂತಿತು.
ಈಗ ಅವಳ ಹಾಡೆಲ್ಲ ಅಲ್ಲಿಂದಲೇ ಶುರು.
ನನ್ನ ದಪ್ಪ ತಂತಿ ಅಷ್ಟು ಕೆಳಗೆ ಹೋಗದು;
ಅವಳು ಇಳಿದಲ್ಲಿ ನಾನು ಮೇಲಕ್ಕೆ ಹಾರಬೇಕು.
ಪಲ್ಲವಿಯ ಕೊನೆಗೆ ಪ್ರತಿಸಲ
ಅವಳು ಕಾಲಿಟ್ಟಲ್ಲಿ ನೆಲ ಇಲ್ಲ.
ದೂರಲಿಲ್ಲ. ಒಮ್ಮೆ ತಿರುಗಿ ನೋಡಿದಳು, ಅಷ್ಟೆ.

ಟೈರ್ ಅಂಗಡಿಯ ಮೇಲಿನ ಮಹಡಿ. ಜಂಪಾ ಎಂಬ ಹುಡುಗ,
ಹೊಳೆಯಾಚೆ ಕ್ಯಾಂಪಿನವನು, ನನಗಿಂತ ಚಂದ ಕನ್ನಡ.
ಮೊದಲನೆಯದನ್ನು ಹೆಗಲಿಗೆ ಹಾಕಿದ:
ಐದು ಕಿಲೋ, ಮೂವತ್ತನಾಲ್ಕು ಇಂಚು,
ಕತ್ತು ಅಂದರೆ ಕತ್ತಲ್ಲ ಮಾರಾಯ, ಮಣೆ!
ಹೆಬ್ಬೆರಳು ಹಿಂದೆ, ಕಿರುಬೆರಳು ಮುಂದೆ,
ಜಗಳವಾಡಿದ ಓರಗಿತ್ತಿಯರ ಹಾಗೆ
ಒಂದೇ ಮನೆಯಲ್ಲಿದ್ದೂ ಮುಖ ನೋಡಲಿಲ್ಲ.

ಎರಡನೆಯದು ಮೂವತ್ತು. ಮಡಿಲಲ್ಲಿ ಮಗುವಿನಂತೆ ಕೂತಿತು.
ಒಂದನೇ ಮನೆಯಿಂದ ನಾಲ್ಕನೇ ಮನೆಗೆ
ಬೆರಳು ತಾನಾಗಿ ಹೋಯಿತು. ಹಿಗ್ಗಿದೆ.
"ಐದನೇ ತಂತಿ ಮೀಟಿ ನೋಡಿ" ಅಂದ ಜಂಪಾ.
ಮೀಟಿದೆ. ನೆನೆದ ಬಟ್ಟೆಹಗ್ಗ.
"ಉದ್ದ ಕಡಿಮೆಯಾದರೆ ದಪ್ಪ ತಂತಿಗೆ ಬಿಗಿ ಸಾಲದು ಆಂಟಿ.
ಇದು ನಿಮ್ಮ ಕೈಗೆ ಸರಿ. ತಂತಿಗೆ ಸರಿಯಿಲ್ಲ."

ಕೈಯ ಮಾತು ಕೇಳಬೇಕೋ, ತಂತಿಯ ಮಾತೋ?
ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ತೋಳು ಹಿಡಿಯುವವಳು ನಾನು.
ರಕ್ತನಾಳ ಕಾಣುವುದು ಕಣ್ಣಿಗಲ್ಲ, ಬೆರಳಿಗೆ.
ನಿಮ್ಮ ಕೈಯಾದರೆ ನೋವಿಲ್ಲ ಅಕ್ಕ, ಅನ್ನುತ್ತಾರೆ ಮುದುಕರು.
ಯಾರೂ ಸೈಜು ಕೇಳಿಲ್ಲ.

ಮೂರನೆಯದು ಮೂಲೆಯಲ್ಲಿತ್ತು, ಸೆಕೆಂಡ್ ಹ್ಯಾಂಡು.
ಬೆನ್ನ ಮೇಲೆ ಯಾರದೋ ಬೆಲ್ಟಿನ ಗೀರು,
ಒಂದು ಬಿರಡೆಗೆ ಬೇರೆ ಬಣ್ಣ.
ಹುಡುಗ ಟೇಪು ಹುಡುಕುವುದರೊಳಗೆ
ಕುದುರೆಯಿಂದ ಕತ್ತಿನ ತುದಿಗೆ ಗೇಣು ಹಾಕಿದೆ:
ಒಂದು, ಎರಡು, ಮೂರು, ನಾಲ್ಕು,
ಐದು ಗೇಣಿಗೆ ಒಂದು ಉಗುರು ಕಡಿಮೆ.
ಮೂವತ್ತೆರಡು, ಅಂದ ಜಂಪಾ, ತಿರುಗಿ ನೋಡದೆ.
ತಂತಿಗಳ ನಡುವೆ ಜಾಗ ಕಿರಿದು,
ಸಂತೆದಿನದ ಬಸ್ಸಿನಲ್ಲಿ ಮೂವರ ಸೀಟಿಗೆ ಐವರು.
ಕಿರುಬೆರಳನ್ನು ಒಂಟಿಯಾಗಿ ದುಡಿಸದೆ
ಉಂಗುರದ ಬೆರಳನ್ನು ಜೊತೆಗೆ ಕೊಟ್ಟೆ.
ಬೆಲ್ಟನ್ನು ಎರಡು ತೂತು ಮೇಲೇರಿಸಿದೆ;
ಗಿಟಾರು ಎದೆಗೇ ಬಂತು, ಚಂದ ಕಾಣದು. ಬರಲಿ.

ಕೆಳಗಿನ ಆ ಸ್ವರ
ಮೊದಲು ಕಿವಿಗೆ ಬರಲಿಲ್ಲ. ಕಿಟಕಿಯ ಗಾಜಿಗೆ ಬಂತು.
ಬೀದಿಯಲ್ಲಿ ಟೈರು ಉರುಳಿಸುತ್ತಿದ್ದವನು ತಲೆಯೆತ್ತಿದ.
"ನಮ್ಮ ಗೊಂಪದ ಪ್ರಾರ್ಥನೆಯೂ ಹೀಗೇ, ಹೊಟ್ಟೆಯಿಂದ"
ಎಂದ ಜಂಪಾ, ಸ್ವಲ್ಪ ಜಂಬದಲ್ಲಿ.

ಕುಂದಿಲ್ಲವೆಂದಲ್ಲ. ಏಳನೇ ಮನೆಯಲ್ಲಿ ಗರಗರ.
ಕೈಬಿಟ್ಟರೆ ತೂಕಡಿಸುವ ವಾಚ್‌ಮನ್ನನ ಹಾಗೆ ತಲೆ ವಾಲುತ್ತದೆ.
ಎಣಿಸಿದ್ದಕ್ಕಿಂತ ನಾಲ್ಕು ಸಾವಿರ ಹೆಚ್ಚು.

ಅಡ್ವಾನ್ಸು ಕೊಟ್ಟು ರೋಸ್ಲಿನ್‌ಗೆ ಫೋನು ಮಾಡಿದೆ.
"ಏನೇ?" ಅಂದಳು, ಒಡೆದ ಹೊಸ ದನಿಯಲ್ಲಿ.
ಆ ಎರಡಕ್ಷರ ಎಲ್ಲಿದೆಯೆಂದು
ಕಣ್ಣುಮುಚ್ಚಿ ತಂತಿಯ ಮೇಲೆ ತಡವಿದೆ.
ಮೂರನೇ ಮನೆ. ಸಿಕ್ಕಿತು.
"ಏನೇ, ಮಾತಾಡು."
ಮತ್ತೊಮ್ಮೆ ಮೀಟಿದೆ.